ಬಾರದ ಕ್ಯಾನ್ಸರಿಗೆ ಹೊದಿಸಿದ ಶಾಲು

ನನಗೆ ಕ್ಯಾನ್ಸರ್ ಬಂದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಗುಬ್ಬಿಯಲ್ಲಿ ನನ್ನನ್ನು ಬಲ್ಲವರೆಲ್ಲ ನಾನು ಮೆದುಳಿನ ಕ್ಯಾನ್ಸರ್ ಗೆದ್ದು ಬಂದವಳು ಎಂದೇ ತಿಳಿದಿದ್ದಾರೆ. ಹೋದ ವರ್ಷ ಮಹಿಳಾ ದಿನಾಚರಣೆಯಲ್ಲಿ ನಮ್ಮ ಬೀದಿಯ ಮಹಿಳಾ ಸಂಘದವರು ನನ್ನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಸಾವನ್ನೇ ಸೋಲಿಸಿದ ಸಾಹಸಿ ಎಂದು ಮೈಕಿನಲ್ಲಿ ಹೊಗಳಿದರು. ಬುಟ್ಟಿಯನ್ನು ಎಡಗೈಯಲ್ಲಿ ಈಸಿಕೊಂಡೆ. ಬಲಗೈ ಏಳುವುದಿಲ್ಲ. ಬೇರೆಯವಳಾಗಿದ್ದರೆ ಎಡಗೈ ಚಾಚಿದಳು ಎಂದು ಆಡಿಕೊಳ್ಳುತ್ತಿದ್ದರು; ಕ್ಯಾನ್ಸರ್ ಗೆದ್ದವಳಿಗೆ ಅಷ್ಟು ರಿಯಾಯಿತಿ ಇದೆ. ನನಗೆ ನಿಜವಾಗಿ ಬಂದಿದ್ದ ಕಾಯಿಲೆಯ ಹೆಸರು ಗೊತ್ತಿದ್ದರೆ ವೇದಿಕೆಯ ಮಾತು ಹಾಗಿರಲಿ, ಪಕ್ಕದ ಕುರ್ಚಿಯಲ್ಲಿ ಕೂರುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದರು.

ನನ್ನ ಹೆಸರು ಸುವರ್ಣ. ಗುಬ್ಬಿಯಲ್ಲಿ ಜಬ್ಬಾರ್ ಸಾಬರ ಟೈಲರ್ ಅಂಗಡಿಯಲ್ಲಿ ಬ್ಲೌಸ್ ಕಟಿಂಗ್ ನನ್ನ ಕೆಲಸವಾಗಿತ್ತು. ಅಳತೆ ತೆಗೆದು, ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಬಟ್ಟೆ ಕತ್ತರಿಸಿ ಕೊಡುವುದು, ಹೊಲಿಯುವವರು ಬೇರೆ. ನಮ್ಮನೆಯವರು ರಂಗಸ್ವಾಮಿ, ಪಂಪ್‌ಸೆಟ್ಟಿನ ಮೋಟಾರ್ ರಿಪೇರಿ ಮಾಡುತ್ತಾರೆ. ನಮಗೆ ಮಕ್ಕಳಿಲ್ಲ. ಅಪ್ಪ ತೀರಿಕೊಂಡಾಗ ನನ್ನ ತಂಗಿ ಚಂದ್ರಕಲಾಳಿಗೆ ಆರು ವರ್ಷ, ನನಗೆ ಹತ್ತೊಂಬತ್ತು. ಚಂದ್ರಿಯನ್ನು ಓದಿಸಿದವಳು ನಾನು, ಬಿ.ಎಡ್ ಮಾಡಿಸಿದವಳು ನಾನು. ನನಗೆ ಮಗಳು ಅಂತ ಇದ್ದರೆ ಅವಳೇ.

ನಮ್ಮ ಮನೆಯಲ್ಲಿ ಒಂದು ಗುಟ್ಟಿತ್ತು. ನಾನು ಕಾಯಿಲೆ ಬೀಳುವುದಕ್ಕೆ ಐದು ವರ್ಷ ಮುಂಚೆ ಅವ್ವನಿಗೆ ಟಿಬಿ ಆಗಿತ್ತು. ಗುಬ್ಬಿಯಲ್ಲಿ ಮಾತ್ರೆ ತೆಗೆದುಕೊಂಡರೆ ಸಂಜೆಯೊಳಗೆ ಸಂತೆಗೆಲ್ಲ ಗೊತ್ತಾಗುತ್ತದೆ ಎಂದು ಅವ್ವ ಕುಣಿಗಲ್ಲಿನಲ್ಲಿದ್ದ ತಮ್ಮನ ಮನೆಗೆ ಹೋಗಿ ಕೂತಳು. ಕೇಳಿದವರಿಗೆ, ತಮ್ಮನ ಸೊಸೆಯ ಬಾಣಂತನಕ್ಕೆ ಹೋಗಿದ್ದಾಳೆ ಎಂದೆವು. ಆರು ತಿಂಗಳ ಬಾಣಂತನ ಯಾವ ಸೀಮೆಯಲ್ಲಿದೆಯೋ ನಾನು ಕಾಣೆ, ಆದರೂ ಜನ ನಂಬಿದರು. ಅವ್ವನ ಮನೆಯಿಂದ ಎರಡೇ ಬೀದಿ ಆಚೆ ನನ್ನ ಜೊತೆಗಿದ್ದ ಗಂಡನೂ ನಂಬಿದರು. ಅವರಿಗೂ ನಾನು ಹೇಳಿರಲಿಲ್ಲ. ಚಂದ್ರಿಗೆ ಮುಂದೆ ಗಂಡು ಹುಡುಕಬೇಕಲ್ಲ, ಕ್ಷಯದವರ ಮನೆ ಅನ್ನಿಸಿಕೊಂಡರೆ ಯಾರು ಹೊಸಿಲು ತುಳಿಯುತ್ತಾರೆ ಎಂಬುದು ಅವ್ವನ ಮಾತು, ನನ್ನದೂ ಅದೇ ಆಗಿತ್ತು. ಸೋದರಮಾವನ ಆ ಮನೆಯಲ್ಲಿ ಅವ್ವನ ತಟ್ಟೆ ಲೋಟ ಬೇರೆ. ಬೆರಕೆಯಾಗದಿರಲಿ ಎಂದು ಅವ್ವನ ಲೋಟಕ್ಕೆ ಕೆಂಪು ದಾರ ಕಟ್ಟಿದ್ದರು. ಆ ದಾರವನ್ನು ಅಂಗಡಿಯಿಂದ ತೆಗೆದುಕೊಂಡು ಹೋಗಿ ಕೊಟ್ಟವಳು ನಾನೇ.

ಮೂರು ವರ್ಷದ ಹಿಂದೆ, ಚಂದ್ರಿಗೆ ಹುಲಿಯೂರುದುರ್ಗದಲ್ಲಿ ಗಂಡು ಗೊತ್ತಾಗಿ ನಿಶ್ಚಿತಾರ್ಥ ಮುಗಿದ ತಿಂಗಳಲ್ಲಿ, ನನ್ನ ಬಲಗೈ ಹೆಬ್ಬೆರಳು ತಾನಾಗಿ ಕುಣಿಯತೊಡಗಿತು. ಕತ್ತರಿ ಹಿಡಿದು ಹಿಡಿದು ನರ ಸೋತಿದೆ ಎಂದುಕೊಂಡೆ. ಒಂದು ಮಧ್ಯಾಹ್ನ ಯಾರದೋ ಮದುವೆಯ ರೇಷ್ಮೆ ಬ್ಲೌಸಿನ ತೋಳು ಕತ್ತರಿಸುತ್ತಿದ್ದೆ. ಕೈ ಎಳೆದುಕೊಂಡು ಕತ್ತರಿ ಬೆನ್ನಿನ ಭಾಗಕ್ಕೇ ಹೋಯಿತು. ಆಮೇಲಿನದು ನನಗೆ ನೆನಪಿಲ್ಲ. ಎಚ್ಚರವಾದಾಗ ನೆಲದ ಮೇಲಿದ್ದೆ, ಬಾಯಲ್ಲಿ ರಕ್ತದ ರುಚಿ, ಅಂಗೈಯಲ್ಲಿ ಅಂಗಡಿಯ ಬೀಗದ ಕೈ ಗೊಂಚಲು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸಬೇಕು ಎಂದು ಬ್ಲೌಸ್ ಕೊಡಲು ಬಂದಿದ್ದ ಹೆಂಗಸು ಹಿಡಿಸಿದ್ದಳಂತೆ. ಜಬ್ಬಾರ್ ಸಾಬರು ಗೋಡೆಗೆ ಒರಗಿ ಕೂತು ನನಗಿಂತ ಹೆಚ್ಚು ನಡುಗುತ್ತಿದ್ದರು.

“ಸುವರ್ಣಮ್ಮ, ಬಟ್ಟೆ ವಿಷ್ಯ ಬುಡಿ, ಅದನ್ನ ನಾನ್ ನೋಡ್ಕೋತೀನಿ. ಮೊದ್ಲು ತುಮಕೂರ್ಗೆ ಹೋಗಿ,” ಎಂದರು.

ತುಮಕೂರಿಗೆ ಹೋಗುವಾಗ ನಮ್ಮ ಜೊತೆಗೆ ಸಾಕಮ್ಮ ಬಂದರು. ಚಂದ್ರಿಯ ಅತ್ತೆ ಆಗಬೇಕಾಗಿದ್ದವರು. ನಮ್ಮ ಕಡೆ ಹಾಗೆ: ಸಂಬಂಧ ಕುದುರಿದ ಮೇಲೆ ಬೀಗರ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಒಬ್ಬರಾದರೂ ಬಂದು ಕೂರಬೇಕು, ಇಲ್ಲದಿದ್ದರೆ ಮಾತು ಬರುತ್ತದೆ. ಆದರೆ ಸಾಕಮ್ಮ ಮಾತಿಗೆ ಹೆದರಿ ಬಂದವರಲ್ಲ. ಬೆಳಗ್ಗೆ ಮೊದಲ ಬಸ್ಸಿಗೆ ಹುಲಿಯೂರುದುರ್ಗದಿಂದ ಹೊರಟು, ಕುಣಿಗಲ್ಲಿನಲ್ಲಿ ಬಸ್ ಬದಲಾಯಿಸಿ, ಟಿಫನ್ ಡಬ್ಬಿಯಲ್ಲಿ ಅಕ್ಕಿರೊಟ್ಟಿ ಕಟ್ಟಿಕೊಂಡು ಬಂದಿದ್ದರು. ನನ್ನ ಫೈಲನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ನಮ್ಮ ಟೋಕನ್ ಅರವತ್ತರ ಮೇಲಿತ್ತು. ಎದುರಿನ ಬೆಂಚಿನಲ್ಲಿ ತಲೆಗೆ ಬ್ಯಾಂಡೇಜ್ ಸುತ್ತಿದ್ದ ಬೆಳ್ಳಾವಿಯ ಮುದುಕರೊಬ್ಬರು ಬಂದವರನ್ನೆಲ್ಲ “ನಿಮ್ಗೆ ಯಾವ್ ಕಡೆ, ಎಡವಾ ಬಲವಾ?” ಎಂದು ಕೇಳುತ್ತಿದ್ದರು. ಆ ಬೆಂಚುಗಳಲ್ಲಿ ಪರಿಚಯ ಆಗುವುದು ಹಾಗೆಯೇ.

ಎಂಆರ್‌ಐಗೆ ಮುಂಚೆ ಮೈಮೇಲಿನ ಲೋಹವೆಲ್ಲ ತೆಗೆಯಬೇಕು ಎಂದರು. ಮೂಗುಬೊಟ್ಟು ಬರಲಿಲ್ಲ. ಸಾಕಮ್ಮ ಎಲ್ಲಿಂದಲೋ ಕೊಬ್ಬರಿ ಎಣ್ಣೆ ತಂದು, ನನ್ನ ಗಲ್ಲ ಹಿಡಿದು, ನೋವಾಗದ ಹಾಗೆ ತಿರುಗಿಸಿ ತೆಗೆದರು. ತಾಳಿ ತೆಗೆಯುವಾಗ ನನ್ನ ಕೈ ನಿಂತಿತು. “ಇರು,” ಎಂದು ತಮ್ಮ ಚೀಲದಿಂದ ಅರಿಶಿನದ ಕೊಂಬು ತೆಗೆದು, ದಾರಕ್ಕೆ ಕಟ್ಟಿ, ನಮ್ಮನೆಯವರ ಕೈಗೆ ಕೊಟ್ಟು ನನ್ನ ಕೊರಳಿಗೆ ಕಟ್ಟಿಸಿದರು. ಇದನ್ನೆಲ್ಲ ಯೋಚಿಸಿ ಮನೆಯಿಂದಲೇ ತಂದಿದ್ದರು. ಈ ಹೆಂಗಸಿನ ಕೈಗೆ ನನ್ನ ತಂಗಿ ಬೀಳುತ್ತಾಳೆ ಎಂದು ಆ ಕೊಳವೆಯೊಳಗೆ ಮಲಗಿ, ಗಡಗಡ ಸದ್ದಿನ ನಡುವೆ, ದೇವರಿಗೆ ಕೈ ಮುಗಿದೆ.

ಮಧ್ಯಾಹ್ನದ ಮೇಲೆ ಡಾಕ್ಟರ್ ಒಳಗೆ ಕರೆದರು. ಮೂವರೂ ಹೋದೆವು. ನಾನು ಸ್ಟೂಲಿನ ಮೇಲೆ, ಸಾಕಮ್ಮ ಪಕ್ಕದ ಕುರ್ಚಿಯಲ್ಲಿ, ನಮ್ಮನೆಯವರು ಹಿಂದೆ ನಿಂತು. ಪರದೆಯ ಮೇಲೆ ನನ್ನ ಮೆದುಳಿನ ಎಡಗಡೆ ಬಳೆಯಂಥ ಬಿಳಿ ಸುತ್ತು, ಅದರ ಸುತ್ತ ಊತ.

“ಗಡ್ಡೆ ಥರ ಕಾಣ್ತಿದೆ. ಕೆಟ್ಟ ಗಡ್ಡೆ ಇರಬಹುದು. ಸೋಂಕಿನಿಂದ ಆದದ್ದೂ ಕೆಲವು ಸಲ ಹೀಗೇ ಕಾಣುತ್ತೆ,” ಎಂದು ಡಾಕ್ಟರ್ ನನ್ನ ಕಡೆ ತಿರುಗಿದರು. “ನಿಮಗಾಗಲಿ, ಮನೇಲಿ ಯಾರಿಗಾದ್ರೂ ಆಗಲಿ, ಯಾವಾಗಾದ್ರೂ ಟಿಬಿ ಆಗಿತ್ತೇನಮ್ಮ?”

“ಇಲ್ಲ ಸಾರ್,” ಎಂದೆ.

ಅವರು ಮಾತು ಮುಗಿಸುವ ಮೊದಲೇ ಹೇಳಿಬಿಟ್ಟಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಹೆಗಲು ಮುಟ್ಟಿಕೊಂಡದ್ದು ಡಾಕ್ಟರಿಗೆ ಕಾಣಲಿಲ್ಲ. ಅವರು ಇನ್ನೊಂದು ಸಲ ಕೇಳಿದರು. “ಅಪ್ಪ, ಅಮ್ಮ, ಜೊತೇಲಿ ಇದ್ದವರು? ಯಾರಿಗಾದ್ರೂ ತುಂಬಾ ದಿನ ಕೆಮ್ಮು?” ನಾನು ತಲೆ ಆಡಿಸಿದೆ. ಹಿಂದೆ ನಿಂತ ನಮ್ಮನೆಯವರೂ, ತಿಳಿಯದೆ, “ಅಂಥದ್ದೇನೂ ಇಲ್ಲ ಸಾರ್” ಎಂದರು. ಸಾಕಮ್ಮ ನನ್ನ ಬೆನ್ನು ಸವರಿದರು. ಎದೆಯ ಎಕ್ಸ್‌ರೇಯಲ್ಲೂ ಏನೂ ಸಿಗಲಿಲ್ಲ. ಸಾಯುವ ಕಾಯಿಲೆ ಇರಬಹುದು ಎಂದು ಹೇಳುತ್ತಿದ್ದಾಗ ನಾನು ಯೋಚಿಸಿದ್ದು ಪಕ್ಕದ ಕುರ್ಚಿಯ ಬಗ್ಗೆ. ಹುಚ್ಚಿ ಅನ್ನಿ, ಬೇಸರವಿಲ್ಲ. ಆ ಕ್ಷಣಕ್ಕೆ ನನ್ನ ಜೀವಕ್ಕಿಂತ ಆ ಸಂಬಂಧ ದೊಡ್ಡದಾಗಿತ್ತು.

ಅವತ್ತು ಸಂಜೆ ಅವ್ವನಿಗೆ ಎಲ್ಲ ಹೇಳಿದೆ. ಗಡ್ಡೆ ಎಂದಾಗ ಅತ್ತಳು. ಟಿಬಿ ಕೇಳಿದರು ಎಂದಾಗ ಅಳು ನಿಲ್ಲಿಸಿ, “ಸಾಕಮ್ಮ ಅಲ್ಲೇ ಇದ್ರಾ?” ಎಂದಳು.

“ಇದ್ರು. ನಾನು ಇಲ್ಲ ಅಂದೆ.”

“ಒಳ್ಳೇದಾಯ್ತು ಬುಡು,” ಎಂದು ಕಣ್ಣು ಒರೆಸಿಕೊಂಡಳು. ಆಮೇಲೆ ಮತ್ತೆ ಅಳಲು ಶುರು ಮಾಡಿದಳು.

ತಲೆ ಬೋಳಿಸಿ, ತೆರೆದು, ಗಡ್ಡೆ ತೆಗೆದರು. ಗಡ್ಡೆ ಕೂತಿದ್ದು ಬಲಗೈಯನ್ನು ಆಡಿಸುವ ಜಾಗದ ಮಗ್ಗುಲಲ್ಲೇ. ಕೈಗೆ ಅಪಾಯ ಇದೆ ಎಂದು ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು. ಆ ಸಹಿಯೇ ನನ್ನ ಬಲಗೈ ಬರೆದ ಕೊನೆಯ ಅಕ್ಷರ. ಐಸಿಯುನಲ್ಲಿ ಕಣ್ಣು ಬಿಟ್ಟು ಬೆರಳು ಆಡಿಸಲು ನೋಡಿದೆ. ಆಡುತ್ತಿದೆ ಎಂದೇ ಅನ್ನಿಸಿತು. ತಲೆ ತಿರುಗಿಸಿ ನೋಡಿದರೆ ಹಾಸಿಗೆಯ ಮೇಲೆ ಯಾರದೋ ಕೈ ಇಟ್ಟು ಹೋದ ಹಾಗೆ ಬಿದ್ದಿತ್ತು.

ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಿ, ರಿಪೋರ್ಟಿಗೆ ಹತ್ತು ಹನ್ನೆರಡು ದಿನ ಬೇಕು ಎಂದರು. ಆ ದಿನಗಳು ಎಂಥವು ಎಂದು ಅನುಭವಿಸಿದವರಿಗೆ ಹೇಳಬೇಕಾಗಿಲ್ಲ. ನೋಡಲು ಬಂದವರೆಲ್ಲ ಎಳನೀರು ತಂದರು. ಮಂಚದ ಕೆಳಗೆ ಎಳನೀರಿನ ರಾಶಿ ಬಿದ್ದು ನರ್ಸ್ ಬೈದಳು. ಬಂದವರು ನನ್ನ ಎದುರು ನಗುತ್ತಿದ್ದರು, ಬಾಗಿಲಾಚೆ ಹೋಗಿ ನಮ್ಮನೆಯವರನ್ನು “ಎಷ್ಟ್ ದಿನ ಅಂದವ್ರೆ?” ಎಂದು ಕೇಳುತ್ತಿದ್ದರು. ಬಾಗಿಲು ತೆಳುವಾದದ್ದು, ನನ್ನ ಕಿವಿಗೆ ಏನೂ ಆಗಿರಲಿಲ್ಲ. ಚಂದ್ರಿ ದಿನವೂ ಬಂದು, ಕೂದಲಿಲ್ಲದ ನನ್ನ ತಲೆಯ ಹೊಲಿಗೆ ತಪ್ಪಿಸಿ, ಕಿವಿಯ ಹಿಂದೆ ಸವರುತ್ತಾ ಕೂರುತ್ತಿದ್ದಳು. “ಮದ್ವೆ ಮುಂದಕ್ಕಾಕಣ ಅಕ್ಕ,” ಎಂದಳು. ಬೇಡ ಎಂದೆ. ನಾನು ಇರುವಾಗಲೇ ಆಗಿಬಿಡಲಿ ಎಂಬುದು ನನ್ನ ಲೆಕ್ಕ.

ರಿಪೋರ್ಟ್ ಬಂದ ದಿನ ಡಾಕ್ಟರ್ ನಗುತ್ತಾ ಬಂದರು. ಅವರ ನಗು ನೋಡಿದ್ದು ಅದೇ ಮೊದಲು.

“ಕ್ಯಾನ್ಸರ್ ಅಲ್ಲಮ್ಮ. ಟಿಬಿ ಗಡ್ಡೆ. ಮಾತ್ರೆಯಲ್ಲಿ ವಾಸಿಯಾಗೋದು.”

ನಮ್ಮನೆಯವರು ಮಂಚದ ಕಂಬಿ ಹಿಡಿದುಕೊಂಡು ಅಲ್ಲೇ ಕುಸಿದು ಕೂತು ಅತ್ತರು. ಅವ್ವ ಅಳಲಿಲ್ಲ. ಅವಳ ಮುಖ ಸುಟ್ಟ ಬದನೆಕಾಯಿಯ ಹಾಗೆ ಆಯಿತು. ಮಗಳು ಬದುಕುತ್ತಾಳೆ ಎಂದು ಕೇಳಿದ ತಾಯಿಯ ಮುಖ ಹಾಗಾಗುವುದನ್ನು ಮಂಚದಲ್ಲಿ ಮಲಗಿ ನೋಡಿದೆ. ಅವ್ವನನ್ನು ದೂರುವ ಯೋಗ್ಯತೆ ನನಗಿಲ್ಲ. ನನಗೂ ಎದೆಯಲ್ಲಿ ಮೊದಲು ಬಿದ್ದದ್ದು ಸಂತೋಷವಲ್ಲ.

ಡಾಕ್ಟರ್ ಮತ್ತೆ ಕೇಳಿದರು. ಈ ಸಲ ಸಾಕಮ್ಮ ಇರಲಿಲ್ಲ. ಹೇಳಿದೆ. ಅವರು ಅದನ್ನು ಫೈಲಿನಲ್ಲಿ ಬರೆದುಕೊಂಡರು.

“ಅವತ್ತೇ ಹೇಳಿದ್ರೆ ಮಾತ್ರೆ ಕೊಟ್ಟು ಕೆಲವು ವಾರ ಕಾದು ನೋಡ್ತಿದ್ವಿ. ಆಪರೇಷನ್ ಬೇಕಾಗ್ತಾನೇ ಇರ್ಲಿಲ್ಲ ಅಂತ ನಾನು ಹೇಳಲಾರೆ. ಆದ್ರೆ ಕಾಯ್ತಿದ್ವಿ.”

ಬೈದಿದ್ದರೆ ಚೆನ್ನಾಗಿತ್ತು. ನಮ್ಮನೆಯವರು ನನ್ನನ್ನೇ ನೋಡುತ್ತಿದ್ದರು. “ನನ್ಗೂ ಹೇಳ್ಲಿಲ್ವಲ್ಲೇ,” ಎಂದರು. ಹದಿನಾರು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಬಂದ ಅತಿ ಕಠಿಣ ಮಾತು ಅದೇ. ಆಮೇಲೂ ನನ್ನ ಬಾಯಿಗೆ ಅನ್ನ ಇಟ್ಟವರು ಅವರೇ, ಸೀರೆಯ ನೆರಿಗೆ ಹಿಡಿಯಲು ಕಲಿತವರು ಅವರೇ. ಆದರೆ ಈಗಲೂ ನಾನು ಏನಾದರೂ ಹೇಳಿದರೆ ಒಂದು ಗಳಿಗೆ ತಡೆದು, ಆಮೇಲೆ ತಲೆ ಆಡಿಸುತ್ತಾರೆ.

ಊರಿಗೆ ಏನು ಹೇಳುವುದು ಎಂದು ಅವ್ವ ತೀರ್ಮಾನಿಸಿಯಾಗಿತ್ತು. “ಕ್ಯಾನ್ಸರ್ ಅಂತ ಎಲ್ರಿಗೂ ಗೊತ್ತಾಗೈತೆ. ಅದೇ ಇರ್ಲಿ. ವಾಸಿ ಆಯ್ತು ಅನ್ನಾದು.” ಕ್ಯಾನ್ಸರಾದರೆ ಹಣೆಬರಹ, ಪಾಪ ಅನ್ನುತ್ತಾರೆ. ಟಿಬಿ ಅಂದರೆ ಮನೆತನದ ಮಾತು. ಒಂದೂವರೆ ವರ್ಷ ಮಾತ್ರೆ ನುಂಗಿದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಮುಖ ಕುಂಬಳಕಾಯಿ ಆಯಿತು, ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಕಿಮೋ ಅಂದರೆ ಹೀಗೇ ಎಂದು ಬೀದಿಯವರು ಅವರವರೇ ಮಾತಾಡಿಕೊಂಡರು. ಮಾತ್ರೆ ವಿಚಾರಿಸಲು ಮನೆಗೆ ಬರುತ್ತಿದ್ದ ಆಶಾ ಕಾರ್ಯಕರ್ತೆಗೆ ಅವ್ವ, “ನಮ್ಮನೆಗೆ ಬರೋವಾಗ ಆ ಗುಲಾಬಿ ಸೀರೆ ಉಟ್ಕೊಂಡ್ ಬರ್ಬ್ಯಾಡ ಕಣವ್ವ,” ಎಂದಳು. ಆ ಹೆಣ್ಣುಮಗಳು ನಮಗೋಸ್ಕರ ಯೂನಿಫಾರ್ಮ್ ಬಿಟ್ಟು ಬೇರೆ ಸೀರೆ ಉಟ್ಟು, ಬ್ಲೌಸ್ ಪೀಸ್ ಚೀಲ ಹಿಡಿದು, ಗಿರಾಕಿಯ ಹಾಗೆ ಬಂದು ಹೋದಳು. ಅವಳ ಋಣ ನನ್ನ ಮೇಲಿದೆ.

ಅವಳೇ ಒಂದು ದಿನ, ಮನೆಯವರೆಲ್ಲ ಪರೀಕ್ಷೆ ಮಾಡಿಸಬೇಕು, ತಂಗಿಯನ್ನೂ ಕರೆತನ್ನಿ ಎಂದಳು. ಮದುವೆಗೆ ಇಪ್ಪತ್ತು ದಿನ ಇತ್ತು. “ಚಂದ್ರಿ ಊರಲ್ಲಿಲ್ಲ, ಕುಣಿಗಲ್‌ಗೆ ಹೋಗವ್ಳೆ,” ಎಂದಳು ಅವ್ವ. ಚಂದ್ರಿ ಒಳಗೆ ಅಕ್ಕಿ ಆರಿಸುತ್ತಿದ್ದಳು. ಆಶಾ ನನ್ನ ಮುಖ ನೋಡಿದಳು. ತಲೆಗೆ ಕತ್ತಿ ಹಾಕಿಸಿಕೊಂಡ ಮೇಲೂ, ಕೈ ಕಳೆದುಕೊಂಡ ಮೇಲೂ, ನಾನು ಬಾಯಿ ಬಿಡಲಿಲ್ಲ. ಮೊದಲನೆಯ ಸುಳ್ಳಿಗೆ ಹೆದರಿಕೆ ಎಂಬ ನೆವ ಇತ್ತು. ಇದಕ್ಕೆ ಅದೂ ಇಲ್ಲ.

ಮದುವೆ ಆಯಿತು. ತಲೆಗೆ ಸೆರಗು ಹೊದ್ದು ಮೂಲೆಯಲ್ಲಿ ಕೂತಿದ್ದ ನನಗೆ ಸಾಕಮ್ಮ ಎಲ್ಲರಿಗಿಂತ ಮೊದಲು ಎಲೆ ಹಾಕಿಸಿದರು. ಚಂದ್ರಿಯ ಧಾರೆಯ ಬ್ಲೌಸನ್ನು ಜಬ್ಬಾರ್ ಸಾಬರೇ ಕತ್ತರಿಸಿದ್ದರು; ಬೆನ್ನಿನ ಹತ್ತಿರ ಒಂದು ಸುಕ್ಕು ಉಳಿದಿತ್ತು. ಸಾಬರಿಗೆ ನಾನು ನಿಜ ಹೇಳಿದ್ದೆ, ಪಕ್ಕದಲ್ಲಿ ಕೂತು ಕೆಲಸ ಮಾಡುವವರಿಂದ ಮುಚ್ಚಿಡಲು ಮನಸ್ಸು ಬರಲಿಲ್ಲ. “ನಮ್ಮಣ್ಣಂಗೂ ಆಗಿತ್ತು. ಬೀದಿಗೆಲ್ಲ ಗೊತ್ತಿತ್ತು. ನಾಲ್ಕ್ ದಿನ ದೂರ ಕೂತ್ರು, ಐದ್ನೇ ದಿನ ಟೀ ಕುಡಿಯಾಕೆ ಬಂದ್ರು,” ಎಂದು ಸಾಬರು ನನ್ನ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದರು. ಈಗಲೂ ಅಲ್ಲಿಗೇ ಹೋಗುತ್ತೇನೆ. ಎಡಗೈಯಲ್ಲಿ ಚಾಕಿನ ಗೆರೆ ಎಳೆಯುತ್ತೇನೆ, ಕತ್ತರಿ ಬೇರೆಯವರದು.

ನಾಲ್ಕು ತಿಂಗಳ ಹಿಂದೆ ಚಂದ್ರಿ ಫೋನ್ ಮಾಡಿದಳು. “ಅಕ್ಕ, ತಿಂಗಳಾಯ್ತು, ಕೆಮ್ಮು ನಿಂತಿಲ್ಲ. ಸಂಜೆ ಆದ್ರೆ ಮೈ ಬೆಚ್ಗಾಯ್ತದೆ. ಶುಂಠಿ ಕಷಾಯ ಕುಡೀತಿದೀನಿ. ಅತ್ತೆ ಹತ್ರ ಏನೂ ಅನ್ಬ್ಯಾಡ.”

ಆ ರಾತ್ರಿ ನಾನು ಮಲಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಫಿಟ್ಸ್ ಮಾತ್ರೆ ನುಂಗಿದರೆ ಎಂಥವರಿಗೂ ನಿದ್ದೆ ಬರುತ್ತದೆ. ಬೆಳಗ್ಗೆ ಎದ್ದು ಹುಲಿಯೂರುದುರ್ಗಕ್ಕೆ ಹೋದೆ. ಚಂದ್ರಿಯ ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಕುಣಿಗಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದಾಗ ಸಾಕಮ್ಮ, ಯಾವಾಗಿನ ಹಾಗೆ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರ್. ಮೂವರೂ ಒಳಗೆ ಕೂತೆವು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಬರೆಯುತ್ತಾ ಬರೆಯುತ್ತಾ, “ಮನೇಲಿ ಯಾರಿಗಾದ್ರೂ ಟಿಬಿ ಇತ್ತಾ?” ಎಂದರು.

“ಇಲ್ಲ ಮೇಡಂ,” ಎಂದಳು ಚಂದ್ರಿ. ಎಷ್ಟು ಬೇಗ ಎಂದರೆ, ನನಗೆ ನನ್ನದೇ ದನಿ ಕೇಳಿದ ಹಾಗಾಯಿತು. ಅವಳಿಗೆ ಬೇರೇನು ಕಲಿಸಿದ್ದೆನೋ, ಇದನ್ನಂತೂ ಚೆನ್ನಾಗಿ ಕಲಿಸಿದ್ದೆ.

“ನಮ್ ಕಡೆ ಯಾರ್ಗೂ ಇಲ್ಲ,” ಎಂದರು ಸಾಕಮ್ಮ. “ಇವ್ಳ ಅಕ್ಕಂಗೆ ತಲೇಲಿ ಕ್ಯಾನ್ಸರ್ ಆಗಿತ್ತು. ಪಾಪ, ಗೆದ್ಕೊಂಡ್ ಬಂದವ್ಳೆ.” ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ ಇತ್ತು.

“ನನ್ಗೆ ಕ್ಯಾನ್ಸರ್ ಆಗಿರ್ಲಿಲ್ಲ ಮೇಡಂ,” ಎಂದೆ. “ಟಿಬಿ, ತಲೇಲಿ. ಅದಕ್ಕೂ ಮುಂಚೆ ನಮ್ಮವ್ವಂಗೆ ಆಗಿತ್ತು. ಇವ್ಳು ಅವ್ವನ ಜೊತೇಲೇ ಮಲಗ್ತಿದ್ಲು.”

ಚಂದ್ರಿ ಮೇಜಿನ ಕೆಳಗೆ ನನ್ನ ಕೈ ಹಿಡಿದಳು. ಹಿಡಿದದ್ದು ಬಲಗೈ. ಎಷ್ಟು ಬಿಗಿಯಾಗಿ ಹಿಡಿದಳೋ ನನಗೆ ತಿಳಿಯಲಿಲ್ಲ. ಆಮೇಲೆ ನೋಡಿದರೆ ಉಗುರಿನ ಗುರುತು ಮೂರು ಕಡೆ ಮೂಡಿತ್ತು.

ಹೊರಗೆ ಬಂದು ಸಾಕಮ್ಮ ನನ್ನ ಜೊತೆ ಬೆಂಚಿನ ಮೇಲೆ ಕೂತರು. ಚಂದ್ರಿ ಕಫ ಕೊಡಲು ಲ್ಯಾಬಿಗೆ ಹೋಗಿದ್ದಳು.

“ಅವತ್ತು ತುಮಕೂರಲ್ಲಿ ನಿನ್ ಪಕ್ಕದಲ್ಲೇ ಕೂತಿದ್ನಲ್ಲ ಸುವರ್ಣ.”

“ನೀವಿದ್ರಿ ಅಂತಾನೇ ಹೇಳ್ಲಿಲ್ಲ.”

“ಹೇಳಿದ್ರೆ ಸಂಬಂಧ ಬುಡ್ತಿದ್ದೆ,” ಎಂದರು. “ಸುಳ್ ಯಾಕ್ ಹೇಳ್ಲಿ.” ಎದ್ದು ಹೋಗಿ ಎದುರಿನ ಬೆಂಚಿನಲ್ಲಿ ಕೂತರು. ನಮ್ಮಿಬ್ಬರ ಮನೆಗಳಲ್ಲಿ ಈ ವಿಷಯಕ್ಕೆ ಯಾರಾದರೂ ಆಡಿದ ಮೊದಲ ನೇರ ಮಾತು ಅದು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಕಫದಲ್ಲಿ ಸಿಕ್ಕಿತು. ಚಂದ್ರಿಗೆ ಆರು ತಿಂಗಳ ಮಾತ್ರೆ. ಮನೆಯವರೆಲ್ಲರಿಗೂ ಪರೀಕ್ಷೆ ಆಯಿತು, ಉಳಿದವರಿಗೆ ಏನೂ ಇರಲಿಲ್ಲ. ಅವ್ವ, “ನಿನ್ ಕೈಯಾರೆ ಅವ್ಳ ಮನೆ ಮುರ್ದೆ,” ಎಂದಳು, ಅವತ್ತಿನಿಂದ ನನ್ನ ಮನೆಯಲ್ಲಿ ನೀರು ಮುಟ್ಟಿಲ್ಲ. ಶಾಲನ್ನು ಸಂಘಕ್ಕೆ ವಾಪಸ್ ಕೊಡಲು ಹೋದೆ. ಅಧ್ಯಕ್ಷೆ ಬಾಗಿಲು ಮುಚ್ಚಿ, “ಇಟ್ಕೊಳಿ ಸುವರ್ಣಮ್ಮ, ಹೊರಗೆ ಹೇಳ್ಬ್ಯಾಡಿ, ಸಂಘದ ಮರ್ಯಾದೆ,” ಎಂದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಓದುವವರಲ್ಲಿ ಯಾರಾದರೂ ಇಂಥದ್ದೇ ಫೈಲ್ ಹಿಡಿದು ಬೆಂಚಿನ ಮೇಲೆ ಕೂತಿದ್ದರೆ, ಡಾಕ್ಟರ್ ಕೇಳುವಾಗ ಪಕ್ಕದಲ್ಲಿರುವವರನ್ನು ಹೊರಗೆ ಕಳಿಸಿ. ಕಳಿಸಲು ಆಗದಿದ್ದರೆ, ಅವರ ಎದುರೇ ಹೇಳಿ. ನನ್ನ ಹಾಗೆ ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಕಾಯಬೇಡಿ.

ಚಂದ್ರಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಫೋನ್ ಎತ್ತುವುದಿಲ್ಲ. ಆದರೆ ಪ್ರತಿ ಭಾನುವಾರ ಬೆಳಗ್ಗೆ ಮೊಬೈಲಿಗೆ ಒಂದು ಫೋಟೋ ಕಳಿಸುತ್ತಾಳೆ. ಆ ವಾರದ ಮಾತ್ರೆ ಪಟ್ಟಿ, ಎಲ್ಲ ಗುಳಿಗಳೂ ಒಡೆದು ಖಾಲಿಯಾದದ್ದು, ಹುಲಿಯೂರುದುರ್ಗದ ಮನೆಯ ಊಟದ ಮೇಜಿನ ಮೇಲೆ. ಒಂದಕ್ಷರ ಬರೆದಿರುವುದಿಲ್ಲ. ಮೊನ್ನೆ ಬಂದದ್ದು ಹದಿನಾರನೆಯದು. ಪಕ್ಕದಲ್ಲಿ ಅವಳ ನೀರಿನ ಲೋಟ ಇತ್ತು. ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಲೋಟಕ್ಕೆ ಕೆಂಪು ದಾರ ಕಟ್ಟಿದ್ದಾರೆ. ಪಟ್ಟಿ ಖಾಲಿಯಾಗಿತ್ತು.